ಕವಳದ ಕೆನ್ನೆ

ಚಿರೆಗದ್ದೆಯ ಚರ್ಚಿಗೆ, ಊರವರ ಬಾಯಲ್ಲಿ ಇಗರ್ಜಿಗೆ, ನೂರು ವರ್ಷ ತುಂಬಿದಾಗ ಬಾಗಿಲ ಪಕ್ಕದ ಕರಿಕಲ್ಲಿನಲ್ಲಿ ದಾನಿಗಳ ಹದಿನೇಳು ಹೆಸರು ಕೆತ್ತಿಸಿದರು. ಇಗರ್ಜಿ ಕಟ್ಟಿದ ಬೀರನ ಹೆಸರು ಅದರಲ್ಲಿ ಇರಲಿಲ್ಲ.

ಬೀರನ ಮರಿಮಗಳು ದೇವಿ ಸುಣ್ಣದ ಬಕೆಟ್ಟು, ಕರಣೆ ಹಿಡಿದು ಬಂದವಳು ಕಲ್ಲನ್ನು ಎರಡು ಸಲ ಓದಿದಳು.

"ಸೆಕ್ರೆಟ್ರೇ, ಫ್ಯಾನ್ ಕೊಟ್ಟವ್ರ ಹೆಸ್ರು ಅದೆ. ಗೋಡೆ ಕೊಟ್ಟವಂದು ಎಲ್ಲಿ?"

ಇಗರ್ಜಿ ಕಮಿಟಿಯ ಸೆಕ್ರೆಟರಿ ಬಸ್ತ್ಯಾಂವ ಬಾಯಲ್ಲಿದ್ದ ಎಲೆಯಡಿಕೆಯ ಕವಳವನ್ನು ಎಡಗೆನ್ನೆಗೆ ದೂಡಿದ. "ದಾಖಲೆ ಇಲ್ವಲ್ಲ ಮಾರಾಯ್ತಿ! ನೂರು ವರ್ಷದ ಪುಸ್ತಕದಲ್ಲಿ 'ಗೋವೆಯ ಅಜ್ಞಾತ ಶಿಲ್ಪಿ' ಅಂತ ಬರ್ದೆ."

"ಅಜ್ಞಾತ ಎಂತಕ್ಕೆ? ಗೇಟಿನ ಆಚೆಗೇ ಇದ್ದಿದ್ದ."

ದಾಖಲೆ ಬಾಗಿಲ ಕಮಾನಿನ ಮೇಲೆಯೇ ಇತ್ತು. ಅಲ್ಲೊಂದು ದೇವದೂತನ ಮುಖ ಬೇಕೆಂದು ಅಂದಿನ ಪಾದ್ರಿ ಹೇಳಿದ್ದರಂತೆ. ಬೀರ ದೇವದೂತನನ್ನು ಎಲ್ಲಿ ಕಂಡಿದ್ದ? "ನೋಡಿದ್ರೆ ಮನಸ್ಸಿಗೆ ತಂಪಾಗ್ಬೇಕು" ಎಂದರಂತೆ ಪಾದ್ರಿ. ಬೀರ ಹೆಂಡತಿ ನಾಗಿಯ ಮುಖ ಮಾಡಿ ಎರಡು ರೆಕ್ಕೆ ಹಚ್ಚಿದ. ಕವಳವಿಲ್ಲದ ನಾಗಿಯನ್ನು ಅವನು ಕಂಡೇ ಇರಲಿಲ್ಲ. ಹಾಗಾಗಿ ದೇವದೂತನ ಎಡಗೆನ್ನೆ ಇಂದಿಗೂ ನಿಂಬೆಹಣ್ಣಿನಷ್ಟು ಉಬ್ಬಿದೆ. ಬೀರನ ಸಹಿ ಎಂದು ಉಳಿದದ್ದು ಅದೊಂದೇ.

ಬಸ್ತ್ಯಾಂವನ ಪುಸ್ತಕ ಬೇರೆಯೇ ಹೇಳುತ್ತಿತ್ತು: ತುತ್ತೂರಿ ಊದುವ ದೇವದೂತ; ತುತ್ತೂರಿ ಕಾಲಾಂತರದಲ್ಲಿ ಬಿದ್ದುಹೋಗಿದೆ.

"ಬಿಷಪ್ಪರು ಬರ್ತಾರೆ," ಎಂದ ಬಸ್ತ್ಯಾಂವ. "ಸಿಮೆಂಟಿಂದು ಒಂದು ತುತ್ತೂರಿ ಕೂರ್ಸಿಬಿಡು."

"ಊದಿದ್ರೆ ಎರಡೂ ಕೆನ್ನೆ ಉಬ್ಬಬೇಕಲ್ದಾ? ಎಲ್ಲಿ, ನೀವೇ ಊದಿ ತೋರ್ಸಿ."

ಬಸ್ತ್ಯಾಂವ ಊದಿದ. ಕವಳದ ರಸ ಬಿಳಿ ಅಂಗಿಯ ಮೇಲೆಲ್ಲ ಹಾರಿತು. ಬೆಂಚು ಒರೆಸುತ್ತಿದ್ದ ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ತುತ್ತೂರಿ ಬ್ಯಾಡ!" ಅವನ ಕಿವಿಯೂ ಕೆಂಪಾಯಿತು. "ಆ ಕೆನ್ನೆನೇ ಕೆತ್ತಿ ಸಮ ಮಾಡು. ಇಲ್ದಿದ್ರೆ ಮುಂದಿನ ವರ್ಷ ಸುಣ್ಣಕ್ಕೆ ಬೇರೆಯವ್ರನ್ನ ಕರೀತೆ."

ದೇವಿ ಏಣಿ ಹತ್ತಿದಳು. ಮುತ್ತಜ್ಜಿಯ ಉಬ್ಬುಗೆನ್ನೆಯ ಧೂಳನ್ನು ಅಂಗೈಯಿಂದ ಒರೆಸಿದಳು. ಕೆನ್ನೆ ಅಂಗೈ ತುಂಬುವಷ್ಟಿತ್ತು. ಕೆಳಗಿನಿಂದ ಬಸ್ತ್ಯಾಂವ ಉಳಿ, ಸುತ್ತಿಗೆ ಎತ್ತಿ ಹಿಡಿದ.

"ತಗೋ, ಹೊಡಿ!"

ಅವಳು ಕೈಚಾಚಲಿಲ್ಲ.

"ಕರೀರಿ ಯಾರನ್ನ ಬೇಕಾದ್ರೂ. ಕಲ್ಲಲ್ಲಿ ಹೆಸ್ರು ಬಿಟ್ರಿ, ಸುಮ್ನಿದ್ದೆ. ನಮ್ಮ ಮುತ್ತಜ್ಜಿ ಬಾಯಿಂದ ಕವಳ ಕಸಿಯೂಕೆ ಮಾತ್ರ ನನ್ನಿಂದ ಆಗೂದಿಲ್ಲ."