ಒಗ್ಗದ ಕಣ್ಣು

"ಅಕ್ಕನ ಮೈಮೇಲೆ ಇವ್ರ ಕೈ ಬೀಳಬಾರ್ದು!"

ದಿಬ್ಬೂರಹಳ್ಳಿಯಿಂದ ಬಂದಿದ್ದ ತಮ್ಮ ರಾಮಾಂಜಿನಪ್ಪ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತುಬಿಟ್ಟ. ಕಣ್ಣಾಸ್ಪತ್ರೆಯ ಡಾಕ್ಟರು ಪೆಟ್ಟಿಗೆ ಹಿಡಿದು ಜಗಲಿಯಲ್ಲೇ ಉಳಿದರು. ಒಳಗೆ ಹೆಣವಾಗಿ ಮಲಗಿದ್ದ ಗಂಗುಲಮ್ಮ, ಚೆನ್ನಾಗಿದ್ದ ಬಲಗಣ್ಣನ್ನು ದಾನ ಕೊಡಬೇಕೆಂದು ಬದುಕಿದ್ದಾಗಲೇ ಬರೆದುಕೊಟ್ಟಿದ್ದಳು. ಗಂಡ ಮುನಿಶಾಮಪ್ಪ ಕಂಬಕ್ಕೊರಗಿ ನೆಲ ನೋಡುತ್ತಿದ್ದ.

"ಇನ್ನೊಂದು ಗಂಟೆ ಮೀರಿದರೆ ಆ ಕಣ್ಣು ಯಾರಿಗೂ ಆಗಲ್ಲ" ಎಂದರು ಡಾಕ್ಟರು.

"ಮೀರಲಿ ಬಿಡಿ ಸ್ವಾಮಿ! ಯಾರೋ ಸತ್ತೋರ ಕಣ್ಣು ತಂದು ಅಕ್ಕನ ಎಡಗಣ್ಣಿಗೆ ಹಾಕಿದ್ರಲ್ಲ, ಏನಾಯ್ತು? ವರ್ಷಕ್ಕೇ ಬೆಳ್ಳಗಾಗೋಯ್ತು. ಪರರ ಕಣ್ಣು ಒಗ್ಗಲ್ಲ. ಭಾವನೇ ಹೇಳಿದ್ದು, ಕೇಳ್ಕೊಳ್ಳಿ."

ಹೌದು, ಮುನಿಶಾಮಪ್ಪನೇ ಹೇಳಿದ್ದ. ಒಂಬತ್ತು ವರ್ಷದಿಂದ ಶಿಡ್ಲಘಟ್ಟದ ತುಂಬ ಅದನ್ನೇ ಹೇಳಿಕೊಂಡು ತಿರುಗಿದ್ದ, ಮಹಾನುಭಾವ!

*

ಒಂಬತ್ತು ವರ್ಷದ ಹಿಂದೆ, ಎಂಬತ್ತೆಂಟರ ಬೇಸಿಗೆ. ಕಣ್ಣು ಹಾಕಿಸಿ ವರ್ಷ ತುಂಬಿತ್ತು. ಗಂಗುಲಮ್ಮ ಅದರಲ್ಲೇ ಸೂಜಿಗೆ ದಾರ ಪೋಣಿಸುತ್ತಿದ್ದಳು. ಕೆಂಪಾದರೆ, ಮಂಜಾದರೆ ಅವತ್ತೇ ಬನ್ನಿ, ಮೈ ಹೊಸ ಕಣ್ಣಿನ ಮೇಲೆ ತಿರುಗಿಬೀಳುತ್ತದೆ, ಬೇಗ ಬಂದರೆ ಮದ್ದಿದೆ ಎಂದು ಬೆಂಗಳೂರಿನ ಡಾಕ್ಟರು ಮೂರು ಸಲ ಹೇಳಿ ಕಳಿಸಿದ್ದರು.

"ಕಣ್ಣು ಕೆಂಪಾಗೈತೆ ಕಣ್ರೀ, ಮಬ್ಬು ಮಬ್ಬು. ಬೆಂಗಳೂರಿಗೆ ಹೋಗಣ" ಅಂದಳು.

"ಊರಿಗೆಲ್ಲ ಮದ್ರಾಸ್ ಐ ಬಂದೈತೆ ಕಣೇ, ನಿಂಗೂ ಬಂತು. ಮನೆ ತುಂಬ ರೇಷ್ಮೆಗೂಡು ಬಿದ್ದೈತೆ. ಈಗ ನೂಲು ಬಿಚ್ಚದಿದ್ರೆ ಚಿಟ್ಟೆಗಳು ತೂತು ಹಾಕ್ಕೊಂಡು ಆಚೆ ಬರ್ತವೆ. ಆಮೇಲೆ ಹೋಗಣ."

ಕುದಿನೀರಿನ ಹಬೆಯ ಮುಂದೆ ಕೂತು ಅವಳು ಆರು ದಿನ ನೂಲು ತೆಗೆದಳು. ಏಳನೆಯ ದಿನ ಡಾಕ್ಟರು ಟಾರ್ಚು ಆರಿಸಿ, "ಮೊದಲ ದಿನವೇ ಬರೋಕೆ ಏನಾಗಿತ್ತು?" ಎಂದರು. ಮುನಿಶಾಮಪ್ಪ ಊರಿಗೆ ಬಂದು, ಪರರ ಕಣ್ಣು ಒಗ್ಗಲಿಲ್ಲ ಅಂದ.

*

"ಬಾಗಿಲು ಬಿಡಪ್ಪ, ರಾಮಾಂಜಿನಪ್ಪ." ಮುನಿಶಾಮಪ್ಪ ಎದ್ದ. "ಆ ಕಣ್ಣು ಒಗ್ಗಿತ್ತು ಕಣೋ. ಕೆಡಿಸಿದ್ದು ನಾನು. ಕೆಂಪಾದ ದಿನವೇ ಕರ್ಕೊಂಡೋಗು ಅಂದ್ಲು. ಗೂಡು ಹಾಳಾಗ್ತವೆ ಅಂತ ತಡೆದೆ."

ಅಂಗಳದಲ್ಲಿ ಅಳುತ್ತಿದ್ದವರೆಲ್ಲ ಅವನತ್ತ ತಿರುಗಿದರು.

"ಅಕ್ಕನೂ ಕಣ್ಣು ಒಗ್ಗಲಿಲ್ಲ ಅಂತಾನೇ ಹೇಳ್ತಿದ್ಲಲ್ಲ?"

"ನನ್ನ ಮಾನ ಉಳಿಸೋಕೆ."

ರಾಮಾಂಜಿನಪ್ಪ ಕೈ ಇಳಿಸಿದ. ಡಾಕ್ಟರು ಒಳಗೆ ಹೋಗಿ, ಅರ್ಧ ಗಂಟೆಯಲ್ಲಿ ಪೆಟ್ಟಿಗೆಯೊಂದಿಗೆ ಹೊರಟರು.

ಹೆಂಗಸರು ತವರಿನ ಸೀರೆ ಉಡಿಸಿದರು. ಮುತ್ತೈದೆಗೆ ಕೊನೆಯ ಕುಂಕುಮ ಇಡಲು ಗಂಡನನ್ನು ಕರೆದರು. ಮುನಿಶಾಮಪ್ಪ ಬಗ್ಗಿ ಭರಣಿಗೆ ಕೈ ಚಾಚಿದ. ಅಷ್ಟರಲ್ಲಿ ರಾಮಾಂಜಿನಪ್ಪ ಅದನ್ನೆತ್ತಿಕೊಂಡು, ತಾನೇ ಅಕ್ಕನ ಹಣೆಗೆ ಕುಂಕುಮ ಇಟ್ಟ. ನೆರೆದವರಲ್ಲಿ ಒಬ್ಬರೂ ಬೇಡವೆನ್ನಲಿಲ್ಲ. ಮುನಿಶಾಮಪ್ಪ ಚಾಚಿದ ಕೈಯನ್ನು ಪಂಚೆಗೆ ಒರೆಸಿಕೊಂಡು ಹಿಂದೆ ಸರಿದ.