ಬುಟ್ಟಿ ಹೊದ್ದ ಅಣಬಿ

ಅಕ್ಕವ್ವಗ ಅಣಬಿ ಅಂದ್ರ ಜೀವ. ಖಾನಾಪುರ ತಾಲೂಕಿನ ಜಾಂಬೋಟಿ ಕಡೆ ಹುಟ್ಟಿದಾಕಿ, ಮಳಿಗಾಲದಾಗ ಅವರ ಮನ್ಯಾಗ ಅನ್ನಕ್ಕಿಂತ ಅಣಬಿ ಪಲ್ಯಾನ ಹೆಚ್ಚು. ಅಂಥಾಕಿನ್ನ ಬೆಳಗಾವಿ ನೆಹರು ನಗರದ ಈರಣ್ಣಗ ಕೊಟ್ರು ನೋಡ್ರಿ, ಅಲ್ಲಿಗೆ ಮುಗೀತು ಆ ಸುಖ. ಅತ್ತಿ ಗಂಗಾದೇವಿ ಕೊರಳಾಗಿನ ಲಿಂಗ ಹಿಡಕೊಂಡ ಹೇಳಿಬಿಟ್ಟಿದ್ಲು: “ನಾಯಿಕೊಡಿ ತಿನ್ನೂದೂ ಮಾಂಸ ತಿನ್ನೂದೂ ಒಂದ. ನನ್ನ ಒಲಿ ಮ್ಯಾಲ ಅದು ಏರಬಾರದು.”

ಎಪ್ಪತ್ತೆಂಟನೇ ಇಸವಿ ಶ್ರಾವಣದಾಗ ಹಿಡದ ಮಳಿ ಬಿಡಲೇ ಇಲ್ಲ. ಹಿತ್ತಲ ತುಂಬ ಕಾಂಗ್ರೆಸ್ ಕಸ ಸೊಂಟದಮಟ ಎದ್ದಿತ್ತು. ಮುಟ್ಟಿದ್ರ ಮೈಯೆಲ್ಲಾ ತುರಿಕಿ; ಈರಣ್ಣ ಒಂದ ದಿನ ಕಿತ್ತು ವಾರಗಟ್ಲೆ ಕೆರಕೊಂಡಿದ್ದ. ನಾಗರ ಪಂಚಮಿ ಮುಂಜಾನೆ ಮುಸುರಿ ಚೆಲ್ಲಾಕ ಹೋದ ಅಕ್ಕವ್ವ ಆ ಕಸದ ಬುಡದಾಗ ಏನ ನೋಡ್ಲಿ! ತವರಮನಿ ಹೊಲದಾಗ ಏಳ್ತಿದ್ದಂಥಾವ ಅಣಬಿ, ಬೆಳ್ಳಗ, ದುಂಡಗ, ಒಂದ ಹಿಂಡು!

ಅಯ್ಯ ಶಿವನ, ಪಂಚಮಿ ದಿನ ಏನೂ ಕೊಯ್ಯಂಗಿಲ್ಲ, ಅಗಿಯಂಗಿಲ್ಲ. ಇರ್ಲಿ, ನಾಳೆ ಅತ್ತಿ ಮಠಕ್ಕ ಹೋಗಾಕಿ. ಅಷ್ಟರಾಗ ಕೊಯ್ದು, ಬೇಯಿಸಿ, ತಿಂದು, ಪಾತೇಲಿ ತೊಳದಿಟ್ರಾತು. ಅಲ್ಲೀತನಕ ಬಾಜೂಮನಿ ಕೋಳಿ ಕೆದರದಂಗ ಕಾಯಬೇಕಲ್ಲ! ದೊಡ್ಡ ಬುಟ್ಟಿ ಬೋರಲ ಹಾಕಿ, ಮ್ಯಾಲ ಕಲ್ಲಿಟ್ಟು, ಗೋಣಿಚೀಲ ಹೊದ್ದು ಬಾಜೂಕ ಕುಂತ್ಲು.

ಗಂಗಾದೇವಿ ಹುಡಿಕ್ಕೋತ ಬಂದ್ಲು. “ಏನ ಐತಿ ಬುಟ್ಟಿ ಬುಡಕ?”

ಅಕ್ಕವ್ವ ಬುಟ್ಟಿ ಮ್ಯಾಲ ಕೈ ಅಡ್ಡ ಇಟ್ಲು. ಹಬ್ಬದ ದಿನ ಸುಳ್ಳ ಹ್ಯಾಂಗ ಹೇಳೂದು? “ಇವತ್ತ ಅದರ ಹೆಸರ ಹೇಳಬಾರದ್ರಿ, ಅತ್ತಿ. ಮುಟ್ಟಬ್ಯಾಡ್ರಿ,” ಅಂದ್ಲು.

ಪಂಚಮಿ ದಿನ ಹೆಸರ ಹೇಳಬಾರದ್ದು ಮತ್ತ್ಯಾವುದು? ಗಂಗಾದೇವಿ ಕೈ ಮುಗದು, “ನಾಗಪ್ಪಾ! ನಮ್ಮ ಹಿತ್ತಲಕ್ಕ ಬಂದ್ಯೋ ನಮ್ಮಪ್ಪಾ!” ಅಂತ ಒದರಿದ್ಲು.

ತಗೋರಿ, ಓಣಿಗೆ ಓಣೀನ ಬಂತು. ಬಾಜೂಮನಿ ಗೌರವ್ವ ಹಾಲು ತಂದ್ಲು, ಎದುರಮನಿ ಭೀಮಕ್ಕ ಅರಿಷಿಣ-ಕುಂಕುಮ, ಜ್ವಾಳದ ಅಳ್ಳು ತಂದ್ಲು. ಗಂಗಾದೇವಿನ್ನ ಮುಂದ ಮಾಡಿ, ಕಾಂಗ್ರೆಸ್ ಕಸದಾಗ ನಿಂತು, ಒಂದ ಕೈಲೆ ತುರಿಸ್ಕೋತ, ಇನ್ನೊಂದ ಕೈಲೆ ಬುಟ್ಟಿ ಮ್ಯಾಲ ಹಾಲ ಎರದ್ರು: “ದೇವರ ಪಾಲು, ಅಪ್ಪನ ಪಾಲು, ಅವ್ವನ ಪಾಲು…” ಹಾಲೆಲ್ಲಾ ಬುಟ್ಟಿ ಸಂದಿಲೆ ಒಳಗ ಇಳೀತು. ಖರೇ ಹೇಳಿದ್ರ ಅತ್ತಿ ಬಿಡಂಗಿಲ್ಲ, ಸುಮ್ಮನಿದ್ರ ಅಣಬಿ ಉಳಿಯಂಗಿಲ್ಲ. ಅಕ್ಕವ್ವಗ ಅಳೂನ ಬಂತು.

“ನೋಡ್ರಿ, ಎಷ್ಟ ಭಕ್ತಿ ಈ ಹುಡುಗೀಗೆ!” ಅಂದ್ಲು ಭೀಮಕ್ಕ.

ಮರುದಿನ ಗಂಗಾದೇವಿ ಎಲ್ಲಿ ಮಠಕ್ಕ ಹೋಗ್ತಾಳ? ನಾಗಪ್ಪನ ದರ್ಶನಕ್ಕ ಓಣೀನೆಲ್ಲಾ ಕರದ್ಲು. ಈರಣ್ಣ ದೂರ ನಿಂತು, ಗಳದ ತುದಿಲೆ ಬುಟ್ಟಿ ಉರುಳಿಸಿದ. ಅರಿಷಿಣ-ಕುಂಕುಮ ಹಚಕೊಂಡು, ತಲಿ ಮ್ಯಾಲ ಅಳ್ಳು ಇಟಕೊಂಡು ಅಣಬಿ ನಿಂತಿದ್ವು.

ಎಲ್ಲಾರೂ ಗಂಗಾದೇವಿ ಮಾರಿ ನೋಡಿದ್ರು. ಮೊದಲ ಹಾಲು ಎರದಾಕಿ ಆಕಿನ. ಈಗ ನಾಯಿಕೊಡಿ ಅಂದ್ರ ಮರ್ಯಾದಿ ಎಲ್ಲಿ ಉಳೀತೈತಿ?

“ಏನ ಹಂಗ ನೋಡ್ತೀರಿ?” ಅಂದ್ಲು. “ಪೂಜಿ ಆತಂದ್ರ ಅದು ಪ್ರಸಾದ. ಪ್ರಸಾದ ಒಲ್ಲೆ ಅನಬಾರದು. ಅಕ್ಕವ್ವಾ, ಒಲಿ ಹೊತ್ತಸು. ಹಾಲು, ಅರಿಷಿಣ ಬಿದ್ದಾವ, ಉಪ್ಪು-ಖಾರ ಅಷ್ಟ ಹಾಕು.”

ಅಕ್ಕವ್ವ ತೊಳದು, ಹೆಚ್ಚಿ, ಬೇಯಿಸಿದ್ಲು. ಮನಿ ತುಂಬ ತವರಮನಿ ವಾಸನಿ! ಅಷ್ಟರಾಗ ಸೌಟು ಅತ್ತಿ ಕೈಗೆ ಹೋತು. “ಗೌರವ್ವನ ಪಾಲು, ಭೀಮಕ್ಕನ ಪಾಲು…” ಓಣಿ ಮುಗೀತು, ಈರಣ್ಣಂದಾತು. ತನಗ ಎರಡ ಸೌಟು ಹಾಕ್ಕೊಂಡ್ಲು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಹಂಗಾತು; ಅಕ್ಕವ್ವನ ಪಾಲಿಗೆ ಉಳದದ್ದು ಪಾತೇಲಿ ತಳ. ಅದನ್ನ ರೊಟ್ಟಿಲೆ ಒರಸಿ ಬಾಯಾಗಿಟ್ಟು, ಅಡಗಿಮನಿ ಮೂಲ್ಯಾಗ ಕಣ್ಣೀರ ತಗದ್ಲು.

ಗಂಗಾದೇವಿ ಬೆರಳ ನೆಕ್ಕೋತ ಒಳಗ ಬಂದು, ಬಾಗಲಾ ಮುಂದ ಮಾಡಿ, ಸೊಸಿ ಕಿವ್ಯಾಗ ಅಂದ್ಲು:

“ಅಳಬ್ಯಾಡ. ಬರೂ ವರ್ಷ ಎರಡ ಬುಟ್ಟಿ ಬೋರಲ ಹಾಕು. ಒಂದರ ಸುದ್ದಿ ಓಣಿಗೆ ಹೇಳೂದ ಬ್ಯಾಡ.”