ಹೊರಗೋಡೆ ಇಲ್ಲದ ಅಂಗಡಿ

ಗಂಡ ತೀರಿಕೊಂಡ ಮೂರನೇ ತಿಂಗಳಿಗೆ ಮೈದುನ ಅಂಗಡಿಯ ನಡುವೆ ಇಟ್ಟಿಗೆ ಗೋಡೆ ಎಬ್ಬಿಸಿದ. ಅಣ್ಣತಮ್ಮಂದಿರು ಸೇರಿ ನಡೆಸುತ್ತಿದ್ದ ಉದ್ದನೆಯ ಅಂಗಡಿ ಅದು. ಬೀದಿಗೆ ತೆರೆದುಕೊಳ್ಳುವ ಅರ್ಧದಲ್ಲಿ ಅವನು ಚಪ್ಪಲಿ, ಬೂಟುಗಳ ವ್ಯಾಪಾರ ಮುಂದುವರಿಸಿದ. ಮಾರುಕಟ್ಟೆಯ ಒಳ ಓಣಿಗೆ ಮುಖ ಮಾಡಿದ ಇನ್ನರ್ಧದಲ್ಲಿ ಅವಳು ಕೇಕಿನ ಅಂಗಡಿ ಇಟ್ಟಳು. ಎಡಕ್ಕೆ ದರ್ಜಿ, ಬಲಕ್ಕೆ ಪಾತ್ರೆಯವನು, ಮೇಲೆ ಟ್ಯೂಷನ್ ಕ್ಲಾಸು, ಹಿಂದೆ ಮೈದುನ. ಹೊರಗಾಳಿ ಸೋಕುವ ಒಂದು ಗೋಡೆಯೂ ಅವಳ ಪಾಲಿಗೆ ಬರಲಿಲ್ಲ.

ಚಳಿಯಲ್ಲಿ ಅದು ಗೊತ್ತಾಗಲಿಲ್ಲ. ಬೇಸಿಗೆ ಕಾಲಿಡುತ್ತಿದ್ದಂತೆ ಅಂಗಡಿ ಕಾದ ಹಂಡೆಯಂತಾಯಿತು. ಫ್ಯಾನು ಹಾಕಿದರೆ ಬಿಸಿಗಾಳಿಯೇ ಸುತ್ತಿಕೊಂಡು ಬರುತ್ತಿತ್ತು. ಕೇಕಿನ ಮೇಲೆ ಅವಳು ಬಿಡಿಸಿದ ಕ್ರೀಮಿನ ಗುಲಾಬಿಗಳು ನೋಡನೋಡುತ್ತಲೇ ಜೋತುಬೀಳುತ್ತಿದ್ದವು. ಎಸಿ ಹಾಕಿಸೋಣವೆಂದರೆ ಬಿಸಿ ಕಾರುವ ಪೆಟ್ಟಿಗೆಯನ್ನು ಹೊರಗೋಡೆಗೇ ತೂಗುಹಾಕಬೇಕು. ಅವಳು ಮೈದುನನ ಬಳಿ ಹೋದಳು.

"ನಿನ್ನ ಅಂಗಡಿ ಮೂಲೇಲಿ ಎರಡು ಬೆರಳು ದಪ್ಪದ ಪೈಪು ಹಾದುಹೋದ್ರೆ ಸಾಕು. ಪೆಟ್ಟಿಗೆ ಹೊರಗಿರುತ್ತೆ. ನಿನಗೇನೂ ತೊಂದ್ರೆ ಆಗಲ್ಲ."

"ಗೋಡೆ ತೂತು ಬೀಳುತ್ತಲ್ಲ ಅತ್ತಿಗೆ," ಎಂದ ಅವನು, ಬೂಟಿಗೆ ಲೇಸು ಪೋಣಿಸುತ್ತ. "ನಿಮಗ್ಯಾಕೆ ಈ ಒದ್ದಾಟ? ಆ ಅರ್ಧಾನೂ ನನಗೇ ಬಿಟ್ಕೊಟ್ಟು ಮನೇಲಿ ಆರಾಮಾಗಿರಿ."

ಪಕ್ಕದಲ್ಲಿ ಕುಳಿತು ಕಾಲುಚೀಲ ಜೋಡಿಸುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ.

ಆ ವಾರವೇ ಶಾಲೆಯೊಂದರವರು ನಿವೃತ್ತರಾಗುತ್ತಿದ್ದ ತಮ್ಮ ಹೆಡ್‌ಮೇಡಂಗೆಂದು ತೆರೆದಿಟ್ಟ ಪುಸ್ತಕದ ಆಕಾರದ ಕೇಕು ಬೇಕೆಂದರು. ಅವಳು ಎರಡು ದಿನ ಕೂತು ಮಾಡಿದಳು. ಮಧ್ಯಾಹ್ನ ಶಾಲೆಯವರು ಬಂದಾಗ ಪುಸ್ತಕದ ಎಡಪುಟ ಬಲಪುಟದ ಮೇಲೆ ಜಾರಿತ್ತು, ಮೇಡಂ ಹೆಸರು ಟೇಬಲ್ಲಿನ ಅಂಚಿನಿಂದ ತೊಟ್ಟಿಕ್ಕುತ್ತಿತ್ತು. ಸದ್ದು ಕೇಳಿ ಬಂದ ಮೈದುನ ಅದರ ಫೋಟೊ ತೆಗೆದ. ಓಣಿಯ ಅಂಗಡಿ ಅಂಗಡಿಗೂ ತೋರಿಸಿಕೊಂಡು ಬಂದ. "ನಮ್ಮತ್ತಿಗೆ ಕೇಕಿಗೆ ತಟ್ಟೆ ಬೇಡ, ಲೋಟ ಹಿಡ್ಕೊಂಡು ಹೋಗಿ."

ಓಣಿಯೆಲ್ಲ ನಕ್ಕಿತು. ಅವಳು ಬಗ್ಗಿ ನೆಲ ಒರೆಸಿದಳು. ಅಳು ಬರಲಿಲ್ಲ. ಇವನನ್ನು ಸುಮ್ಮನೆ ಬಿಡಬಾರದು ಎಂಬುದೊಂದೇ ಎದೆಯೊಳಗೆ ಕೆಂಡದ ಹಾಗೆ ಕೂತಿತು.

ಮರುದಿನ ಫ್ರಿಜ್ ರಿಪೇರಿಯವನನ್ನು ಕರೆಸಿದಳು. ಎಲ್ಲರೂ ಅವನನ್ನು ಫ್ರಿಜ್ಜಣ್ಣ ಎನ್ನುತ್ತಿದ್ದರು.

"ಚಕ್ರದ ಮೇಲೆ ನಿಲ್ಲೋ ಎಸಿ ಬರುತ್ತೆ ಅಕ್ಕ," ಎಂದ ಫ್ರಿಜ್ಜಣ್ಣ. "ಆನೆ ಸೊಂಡಿಲಿನಂಥ ಒಂದು ಪೈಪಿರುತ್ತೆ, ಬಿಸಿಯೆಲ್ಲ ಅದರಲ್ಲಿ ಹೋಗುತ್ತೆ. ಆದ್ರೆ ಬಿಸಿ ಅನ್ನೋದು ಮಾಯ ಆಗಲ್ಲ ನೋಡಿ. ಇಲ್ಲಿಂದ ತೆಗೆದಿದ್ದನ್ನ ಇನ್ನೆಲ್ಲಾದ್ರೂ ಹಾಕ್ಲೇಬೇಕು. ಓಣಿಗೆ ಬಿಟ್ರೆ ದರ್ಜಿ ಕತ್ತರಿ ಹಿಡ್ಕೊಂಡು ಬರ್ತಾನೆ."

ಏಣಿ ಹತ್ತಿ ಫಾಲ್ಸ್ ಸೀಲಿಂಗಿನ ಒಂದು ಹಲಗೆ ಸರಿಸಿ ಇಣುಕಿದವನು ಅಲ್ಲಿಂದಲೇ ಹೇಳಿದ, "ನಿಮ್ಮ ಮೈದುನ ಗೋಡೇನ ಈ ಹಲಗೆವರೆಗೆ ಮಾತ್ರ ಕಟ್ಟಿಸಿದಾರೆ. ಮೇಲೆಲ್ಲ ಒಂದೇ ಬಯಲು, ಅವರ ಕಡೆ ಹಲಗೆಯೂ ಇಲ್ಲ. ಅವರ ಟ್ಯೂಬ್‌ಲೈಟ್ ಬೆಳಕು ಇಲ್ಲಿಗೇ ಕಾಣುತ್ತೆ."

"ಹಾಗಾದ್ರೆ ಪೈಪು ಮೇಲಕ್ಕೇ ಬಿಡು."

"ಅದು ಸೀದಾ ಅವರ ಅಂಗಡಿಗೆ ಇಳಿಯುತ್ತೆ ಅಕ್ಕ."

"ಇಳೀಲಿ. ಅವನೇನು ಹೊರಗಿನವನಾ?"

ಫ್ರಿಜ್ಜಣ್ಣ ಒಂದು ಕ್ಷಣ ಅವಳ ಮುಖ ನೋಡಿದ. ಆಮೇಲೆ ಪೈಪಿನ ಬಾಯನ್ನು ಆ ಬದಿಗೇ ತಿರುಗಿಸಿ ಬಿಗಿದ.

ಅಂದಿನಿಂದ ಅವಳ ಗುಲಾಬಿಗಳು ನೆಟ್ಟಗೆ ನಿಂತವು. ಆದರೆ ಅವಳಿಗೆ ಹೆಚ್ಚು ಹಿತವೆನಿಸಿದ್ದು ಗೋಡೆಯಾಚೆಯ ಸದ್ದು. ಮೈದುನನ ಎಸಿ ಬೆಳಗಿನಿಂದ ಸಂಜೆವರೆಗೆ ಏದುಸಿರು ಬಿಡುತ್ತಿತ್ತು. ನಾಲ್ಕನೇ ದಿನ ಅದು ಕೆಮ್ಮಿ ನಿಂತಿತು. ಬೂಟುಗಳ ಅಂಟು ಬಿಟ್ಟಿತು. ಕೊಂಡವರು ಅಟ್ಟೆ ಕಿತ್ತ ಬೂಟುಗಳನ್ನು ತಂದು ಅವನ ಮುಂದೆ ಕುಕ್ಕುತ್ತಿದ್ದರು. ಅವಳು ಕೈಯಲ್ಲಿ ಕ್ರೀಮಿನ ಚೀಲ ಹಿಡಿದು, ಉಸಿರು ಬಿಗಿಹಿಡಿದು, ಒಂದೊಂದು ಬೈಗುಳವನ್ನೂ ಕಿವಿತುಂಬ ಕೇಳಿಸಿಕೊಳ್ಳುತ್ತಿದ್ದಳು.

ಹತ್ತನೇ ದಿನ ಅತ್ತೆ ಓಣಿ ಸುತ್ತಿಕೊಂಡು ಬಂದರು. ಮುಖ ಕೆಂಪಾಗಿತ್ತು, ರವಿಕೆ ಬೆನ್ನಿಗೆ ಅಂಟಿತ್ತು. "ಅಲ್ಲಿ ಕೂರೋಕಾಗ್ತಿಲ್ಲ ಕಣೆ," ಎಂದು ಸ್ಟೂಲಿನ ಮೇಲೆ ಕುಸಿದರು.

ಸೇಡಿನ ಭರದಲ್ಲಿ ಅವಳು, ಆ ಮುದುಕಿ ದಿನವಿಡೀ ಅಲ್ಲೇ ಕೂರುತ್ತಾರೆಂಬುದನ್ನೇ ಮರೆತಿದ್ದಳು. ನೀರು ಕೊಟ್ಟಳು, ಒದ್ದೆ ಬಟ್ಟೆಯಿಂದ ಕತ್ತು ಒರೆಸಿದಳು. ಸುಧಾರಿಸಿಕೊಂಡ ಅತ್ತೆ ಮೇಲೆ ನೋಡಿದರು.

"ಈ ಪೈಪು ಎಲ್ಲಿಗೆ ಹೋಗುತ್ತೆ?"

ಸುಳ್ಳು ಹೇಳಬಹುದಿತ್ತು. "ನಿಮ್ಮ ಮಗನ ತಲೆ ಮೇಲಕ್ಕೆ," ಎಂದಳು.

ಅವಳು ಸ್ವಿಚ್ಚಿನತ್ತ ಕೈ ಚಾಚಿದಾಗ ಅತ್ತೆ ತಡೆದರು. "ಆರಿಸಬೇಡ. ಆ ಗೋಡೆ ಕಟ್ಟೋವಾಗ ನಾನು ತುಟಿ ಪಿಟಕ್ಕೆನ್ನಲಿಲ್ಲ. ನಾಳೆಯಿಂದ ಇಲ್ಲೇ ಕೂರ್ತೀನಿ. ಅವನೊಬ್ಬನೇ ಬೇಯಲಿ."

ಅತ್ತೆ ಸೊಸೆಯ ಅಂಗಡಿಯಲ್ಲಿ ಕೂತದ್ದು ಎರಡೇ ದಿನದಲ್ಲಿ ಓಣಿಗೆಲ್ಲ ಹಬ್ಬಿತು. ಮೂರನೇ ದಿನ ಮೈದುನ ಬಂದ. ಅಂಗಿ ಹಿಂಡುವಂತಿತ್ತು. ಪೈಪನ್ನೂ ತಾಯಿಯನ್ನೂ ನೋಡಿ ಅವನಿಗೆ ಎಲ್ಲ ಹೊಳೆಯಿತು.

"ಪೆಟ್ಟಿಗೆ ನನ್ನ ಹೊರಗೋಡೆಗೆ ಹಾಕ್ಕೊಳ್ಳಿ ಅತ್ತಿಗೆ," ಎಂದ ಮೆಲ್ಲಗೆ.

"ಕೇಳಿಸ್ಲಿಲ್ಲ. ಓಣೀಲಿ ನಿಂತು ಹೇಳು. ಫೋಟೊ ತೋರಿಸಿದೆಯಲ್ಲ, ಅಷ್ಟೇ ಗಟ್ಟಿಯಾಗಿ."

ಅವನು ತಾಯಿಯತ್ತ ನೋಡಿದ. ತಾಯಿ ಕೇಕಿನ ಡಬ್ಬಿ ಮಡಚುತ್ತ ಕೂತಿದ್ದರು. ಅವನು ಓಣಿಗಿಳಿದು ಹೇಳಿದ. ದರ್ಜಿ ಮಷಿನು ನಿಲ್ಲಿಸಿ ಕೇಳಿಸಿಕೊಂಡ, ಪಾತ್ರೆಯವನು ಬಾಗಿಲಿಗೆ ಬಂದು ನಿಂತ. ಯಾರೂ ನಗಲಿಲ್ಲ, ಅವನ ಕಿವಿ ಮಾತ್ರ ಕೆಂಪಾಯಿತು.

ಹೊಸ ಎಸಿ ಹಾಕುವ ದಿನ ಫ್ರಿಜ್ಜಣ್ಣ ಮೈದುನನ ಅಂಗಡಿಯಲ್ಲಿ ಡ್ರಿಲ್ ಹಿಡಿದು ನಿಂತು, "ಬೂಟುಗಳ ಮೇಲೆ ಹೊದಿಸೋಕೆ ಒಂದು ಹಾಸು ಕೊಡಿ ಅಕ್ಕ," ಎಂದ.

"ನನ್ನ ಹತ್ರ ಇಲ್ಲ," ಎಂದಳು ಅವಳು.

ಡ್ರಿಲ್ ಗೋಡೆಗೆ ಕಚ್ಚಿತು. ಸುಣ್ಣದ ಪುಡಿ, ಇಟ್ಟಿಗೆಯ ಧೂಳು ಮೈದುನನ ಹೊಚ್ಚಹೊಸ ಬೂಟುಗಳ ಮೇಲೆ ಸಾಲಾಗಿ ಉದುರಿತು. ಅವಳು ಅದನ್ನು ಕೊನೆಯವರೆಗೂ ನಿಂತು ನೋಡಿದಳು. ಅತ್ತೆ ಮೂಲೆಯಲ್ಲಿದ್ದ ಪೊರಕೆ ಎತ್ತಿ ಮಗನ ಕೈಗೆ ಕೊಟ್ಟರು.